ಜರಡಿ ಹಿಡಿದ ಮಣ್ಣು

ಎಪ್ಪತ್ತರ ದಶಕದ ಮೊದಲಲ್ಲಿ, ಕೃಷಿ ಪದವಿ ಮುಗಿಸಿದ ನಾನು ಕೊಳ್ಳೇಗಾಲದಲ್ಲಿ ಮಣ್ಣು ಪರೀಕ್ಷೆಯ ಕೆಲಸಕ್ಕೆ ಸೇರಿದೆ. ರೈತರು ಹೊಲದ ಮಣ್ಣು ತಂದುಕೊಟ್ಟರೆ ಪರೀಕ್ಷಿಸಿ, ಯಾವ ಗೊಬ್ಬರ ಎಷ್ಟು ಬೇಕೆಂದು ಚೀಟಿ ಬರೆದುಕೊಡಬೇಕಿತ್ತು. ಮಾತು ಕಡಿಮೆಯಿದ್ದ ನನಗೆ ಅದು ಒಗ್ಗಿತ್ತು. ಮಣ್ಣು ನನ್ನ ಮದುವೆಯ ವಿಚಾರ ಕೇಳುತ್ತಿರಲಿಲ್ಲ.

ಲೊಕ್ಕನಹಳ್ಳಿ ಕಡೆಯ ರೈತರೊಬ್ಬರು ತಂದ ಮಣ್ಣು ಕಪ್ಪಗೆ, ಹಿಟ್ಟಿನಂತೆ ನುಣ್ಣಗಿತ್ತು. ಯಾವ ಕೊರತೆಯೂ ಕಾಣಲಿಲ್ಲ. ‘ಈ ವರ್ಷ ಗೊಬ್ಬರ ಬೇಡ’ ಎಂದು ಬರೆದುಕೊಟ್ಟೆ.

ಮರುವಾರ ಅವರ ಹೆಂಡತಿ ಗಂಡನನ್ನು ಮುಂದೆ ಬಿಟ್ಟುಕೊಂಡು ಬಂದರು.

“ನಮ್ದು ಇಳಿಜಾರು ಒಲ ಕಣವ್ವ. ಓದ ವರ್ಸ ರಾಗಿ ಮೊಣಕಾಲುದ್ದನೂ ಬರ್ನಿಲ್ಲ. ಈಗ ಇವ್ರು ನಿಮ್ ಚೀಟಿ ಇಡ್ಕಂಡು ಗೊಬ್ಬರ ಬ್ಯಾಡ ಅಂತ ಕುಂತವ್ರೆ. ಇನ್ನೊಂದು ವಾರಕ್ಕೆ ಬಿತ್ನೆ. ವರ್ಸೆಲ್ಲ ಚೀಟಿ ಬೇಯಿಸ್ಕಂಡು ಉಣ್ಣಾದಾ?”

ಮಣ್ಣನ್ನು ಎಲ್ಲಿಂದ ತೆಗೆದಿರಿ ಎಂದು ನಾನು ಮೊದಲೇ ಕೇಳಬೇಕಿತ್ತು. ಈಗ ಕೇಳಿದೆ.

ರೈತರು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡರು. “ಒಲದ್ದೇ ಕಣವ್ವ. ತಿಪ್ಪೆ ಇರೋ ಮೂಲೇದು.”

“ಕಲ್ಲು ಆರ್ಸಿ ಎರಡು ಸಲ ಜರಡಿ ಇಡ್ಸುದ್ರಲ್ಲ ನನ್ ಕೈಲಿ, ಅದ್ನೂ ಯೋಳಿ” ಎಂದರು ಹೆಂಡತಿ.

“ಮತ್ತೆ? ಓದಿರೋ ಎಣ್ಮಗಳು ನೋಡೋ ಮಣ್ಣು. ಎಣ್ಣು ತೋರ್ಸಾಗ ಮಗೀಗೆ ಅರುಕಲು ಸೀರೆ ಉಡಿಸ್ತೀವಾ?”

ಅವತ್ತೇ ಅವರ ಜೊತೆ ಬಸ್ಸು ಹತ್ತಿದೆ. ಹೊಲದ ತುಂಬ ಕೆಂಪು ಗರಸು ಮಣ್ಣು. ನಡುವೆ ಮಳೆನೀರು ಕೊರೆದ ಕೊರಕಲು. ನಾನು ಗುದ್ದಲಿ ಊರಿದಲ್ಲೆಲ್ಲ ರೈತರು, “ಅಲ್ಲಿ ಬ್ಯಾಡ ಕಣವ್ವ, ಅಲ್ಲಿ ಏನೂ ಬೆಳೆಯಾಕಿಲ್ಲ” ಎನ್ನುತ್ತಿದ್ದರು. ನಾನು ಅಲ್ಲೇ ಅಗೆಯುತ್ತಿದ್ದೆ. ಕೊನೆಗೆ ಅವರು ನನಗೆ ಬೆನ್ನು ಹಾಕಿ, ಹುಣಸೆಮರ ನೋಡುತ್ತ ನಿಂತುಬಿಟ್ಟರು.

ಎರಡು ದಿನ ಬಿಟ್ಟು ಇಬ್ಬರೂ ಬಂದರು. ಬೇಕಾದ ಗೊಬ್ಬರದ ಪಟ್ಟಿ ಉದ್ದವಿತ್ತು. ಮಣ್ಣು ಕೊಚ್ಚಿಹೋಗದಂತೆ ಇಳಿಜಾರಿಗೆ ಅಡ್ಡ ಬದು ಹಾಕಿ, ಅಡ್ಡಕ್ಕೇ ಉಳಬೇಕೆಂದೂ ಹೇಳಿದೆ. ರೈತರು ಎಲ್ಲಕ್ಕೂ ತಲೆಯಾಡಿಸಿ, ದನಿ ತಗ್ಗಿಸಿದರು.

“ಆಕ್ತೀನಿ. ಆದ್ರೆ ಈ ಚೀಟೀಲಿ ನನ್ನೆಸ್ರು ಬ್ಯಾಡ. ಮೊದಲ್ನೇ ಚೀಟಿ ಊರ್ಗೆಲ್ಲ ತೋರ್ಸ್ಬುಟ್ಟಿವ್ನಿ. ಇದು ಇವಳೆಸ್ರಲ್ಲಿ ಇರ್ಲಿ.”

“ಬರೀರವ್ವ” ಎಂದರು ಹೆಂಡತಿ. “ನಾಳೆ ರಾಗಿ ಎದೆಮಟ್ಟ ಬಂದ್ರೆ ಅದೂ ನನ್ನೆಸ್ರಲ್ಲೇ ಇರ್ಲಿ.”

ರೈತರು ಚೀಟಿಯ ಕಡೆ ಬಗ್ಗಿ ನೋಡಿದರು. ಹೊರಗೆ ಹನೂರಿನ ಬಸ್ಸು ಹಾರನ್ ಹೊಡೆಯಿತು.

“ಇಬ್ಬುರ್ದೂ ಬರ್ದ್ಬುಡಿ” ಎಂದರು.

ಯಾರದು ಮೊದಲು ಎಂದು ನಾನು ಕೇಳಲಿಲ್ಲ. ಆಕೆಯದನ್ನೇ ಮೊದಲು ಬರೆದೆ.