ಸೋಸಿದ ಸಾರು

ಮಲ್ಲುವಿಗೆ ರೊಟ್ಟಿ ತಿನ್ನಿಸಿದವಳು ನಾನು. ತಾಯಿ ಸಾರಿಗೆ ಹಾಕಿದ ಚಿಟಿಕೆ ಖಾರದಿಂದ ಆ ಹುಡುಗ ಸತ್ತ ಎಂದು ನಮ್ಮ ಬಳಗದಲ್ಲಿ ಇಷ್ಟು ವರ್ಷ ಹೇಳುತ್ತ ಬಂದರು — ಹೇಳಲಿಕ್ಕೆ ಬಿಟ್ಟವಳೂ ನಾನೇ. ಡಾಕ್ಟರು ಎದುರಿಗೆ ನಿಂತು ಕೇಳಿದಾಗ ‘ಇಲ್ಲ’ ಅಂದೆ. ಆ ಒಂದು ‘ಇಲ್ಲ’ದ ಮೇಲೆ ನನ್ನ ಮದುವೆ, ಸಂಸಾರ, ಮರ್ಯಾದೆ ಎಲ್ಲ ನಿಂತಿವೆ.

ಆಗ ನನಗೆ ಹದಿನೇಳು. ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ಅವ್ವ, ವೈನಿ, ವೈನಿಯ ಮಗ ಮಲ್ಲು, ನಾನು. ಅಣ್ಣ ಸೊಲ್ಲಾಪುರದ ಗಿರಣಿಯಲ್ಲಿದ್ದ, ರಜೆಯ ದಿನ ಬರುತ್ತಿದ್ದ. ವೈನಿ ಎಂದರೆ ಅಣ್ಣನ ಹೆಂಡತಿ, ನಾಗಣಸೂರದ ಒಕ್ಕಲು ಮನೆತನದವಳು. ಅವಳು ಬೇಸಿಗೆಯಲ್ಲಿ ಕುಟ್ಟುತ್ತಿದ್ದ ಮಸಾಲೆ ಖಾರ — ಒಣಕೊಬ್ಬರಿ, ಎಳ್ಳು, ಕೊತ್ತಂಬರಿ, ಕಲ್ಲುಹೂ ಹುರಿದು ಮೆಣಸಿನಕಾಯಿಯ ಜೊತೆ ಒರಳಿಗೆ ಹಾಕಿ ಕುಟ್ಟುವುದು — ಎಂಥ ಸಪ್ಪೆ ಸಾರಿಗೂ ಜೀವ ತರುತ್ತಿತ್ತು. ಬೋರಾಮಣಿಯ ನೆಂಟರು ಬಂದರೆ ನಮ್ಮನ್ನು ಮಾತಾಡಿಸುವ ಮೊದಲು ಖಾರದ ಡಬ್ಬಿಯನ್ನು ಮಾತಾಡಿಸುತ್ತಿದ್ದರು. ನನಗೆ ಅದೆಲ್ಲ ನೋಡಿ ಹೊಟ್ಟೆಕಿಚ್ಚು. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ಎಲ್ಲಿಗೆ ಒಯ್ಯಲಿ?

ಆ ಚಳಿಗಾಲ ಮಲ್ಲುವಿಗೆ ಜ್ವರ ಬಂತು. ನಮ್ಮ ಕಡೆ ಮುದತಿ ಜ್ವರ ಅನ್ನುತ್ತಿದ್ದರು, ಡಾಕ್ಟರು ಟೈಫಾಯಿಡ್ ಅಂದರು. ವಾರಗಟ್ಟಲೆ ಸುಟ್ಟು, ಕಡೆಗೆ ಇಳಿಯಿತು. ಇಳಿದ ಮೇಲೆ ಡಾಕ್ಟರು ವೈನಿಯನ್ನೂ ನನ್ನನ್ನೂ ಕೂಡಿಸಿಕೊಂಡು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

“ಕೂಸಿನ ಕರಳ ಈಗ ಒದ್ದಿ ಕಾಗದಾಗ್ಯಾವ. ಜ್ವರ ಇಳೀತಂತ ಹೇಳಿ ರೊಟ್ಟಿ ಚೂರ ಸೈತ ಕೊಡಬ್ಯಾಡ್ರಿ. ಕಾಯಿಪಲ್ಯಾ ಕುದಿಸಿ ಅರಿವ್ಯಾಗ ಸೋಸಿ ನೀರಷ್ಟೇ ಕೊಡ್ರಿ. ಖಾರನೂ ಬ್ಯಾಡ.”

ವೈನಿ ಅದನ್ನು ವ್ರತದಂತೆ ಹಿಡಿದಳು. ಹೀರೇಕಾಯಿ, ಗಜ್ಜರಿ, ಒಂದು ಹೋಳು ಕುಂಬಳ, ಹಿಡಿ ಮೆಂತ್ಯದ ಸೊಪ್ಪು. ತೊಗರಿಬೇಳೆಯ ಕಟ್ಟಿನಲ್ಲಿ ಮೆತ್ತಗೆ ಕುದಿಸಿ, ಜೀರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಅಣ್ಣನ ಹಳೆಯ ಧೋತರದ ಬಟ್ಟೆಯಲ್ಲಿ ಸೋಸುತ್ತಿದ್ದಳು. ಹಿಂಡುತ್ತಿರಲಿಲ್ಲ — ಹಿಂಡಿದರೆ ಗಸಿ ಇಳಿದೀತು ಎಂದು ಭಯ. ಹನಿಹನಿಯಾಗಿ ಇಳಿಯುವ ತನಕ ಬಟ್ಟೆ ಹಿಡಿದು ಕೂತಿರುತ್ತಿದ್ದಳು. ಉಳಿದ ಚರಟ ನಮ್ಮ ಪಲ್ಯವಾಗುತ್ತಿತ್ತು.

ಮಲ್ಲು ಬಾಯಿ ತೆರೆಯುತ್ತಿರಲಿಲ್ಲ. ಸಪ್ಪೆ, ಸಪ್ಪೆ ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಒಂದು ದಿನ ವೈನಿಯ ಕರುಳು ತಡೆಯಲಿಲ್ಲ. ಬೆರಳ ತುದಿಯಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟು ಮಸಾಲೆ ಖಾರ ಉದುರಿಸಿದಳು. ಬಟ್ಟಲ ಮೇಲೆ ತೆಳ್ಳಗೆ ಕೆಂಪು ತೇಲಿತು, ಅವ್ವ ಅದನ್ನು ನೋಡಿದಳು, ಬೇಡ ಅನ್ನಲಿಲ್ಲ. ಮಲ್ಲು ಕುಡಿದ. ಅಂದಿನಿಂದ ದಿನಾ ಕುಡಿಯತೊಡಗಿದ, ಮುಖದ ಮೇಲೆ ಕಳೆ ಬಂತು.

ಒಂದು ಮಧ್ಯಾಹ್ನ ಅವ್ವ ಗುಡಿಗೆ ಹೋಗಿದ್ದಳು, ವೈನಿ ಬಾವಿಗೆ ಬಟ್ಟೆ ಒಗೆಯಲು ಹೋದಳು. ಸಾರು ಕುಡಿಸುವ ಕೆಲಸ ನನ್ನದು. ನಾನು ಉಣ್ಣಲಿಕ್ಕೆ ಕೂತಿದ್ದೆ, ತಾಟಿನಲ್ಲಿ ಜೋಳದ ರೊಟ್ಟಿ. ಮಲ್ಲು ಹಾಸಿಗೆಯಿಂದ ತೆವಳಿಕೊಂಡು ಬಂದ. ನನ್ನನ್ನು ಅವನು ಮರಾಠಿಯವರ ಹಾಗೆ ಆತ್ಯಾ ಎಂದು ಕರೆಯುತ್ತಿದ್ದ.

“ಆತ್ಯಾ, ಒಂದ ತುತ್ತ ರೊಟ್ಟಿ. ಬರೇ ನೀರ ಕುಡದ ಸಾಕಾಗ್ಯದ.”

ನಮ್ಮ ಸೀಮೆಯಲ್ಲಿ ರೊಟ್ಟಿಯಿಲ್ಲದ್ದಕ್ಕೆ ಊಟ ಅನ್ನುವುದಿಲ್ಲ. ಎಷ್ಟು ಕುಡಿದರೂ ಕೂಸು ಉಪವಾಸವೇ ಇದೆ ಎಂದು ನನಗೆ ಅನ್ನಿಸಿತು. ಕನಿಕರ ಎಂದು ಕರೆಯಬಹುದು — ಆದರೆ ಪೂರಾ ಕನಿಕರವೂ ಅಲ್ಲ. ಎಲ್ಲರೂ ವೈನಿಯ ಸಾರು ವೈನಿಯ ಸಾರು ಅನ್ನುತ್ತಿದ್ದರಲ್ಲ. ನನ್ನ ಕೈಯಿಂದಲೂ ಅವನು ಆಸೆಪಟ್ಟು ಉಣ್ಣಲಿ ಎಂಬ... ಅದು ಇತ್ತು. ಸಾರಿನ ಬಟ್ಟಲಿಗೆ ಅರ್ಧ ರೊಟ್ಟಿ ಮುರಿದು ಹಾಕಿದೆ. ನೆನೆದ ಮೇಲೆ ಕಿವುಚಿದೆ. ಅವನು ಬೆರಳು ನೆಕ್ಕಿ ನೆಕ್ಕಿ ಉಂಡ, ಬಟ್ಟಲನ್ನು ಬೆರಳಿನಿಂದ ಒರೆಸಿ ಉಂಡ. ನಿಮ್ಮವ್ವಗ ಹೇಳಬ್ಯಾಡ ಎಂದೆ. ಹೇಳುವುದಿಲ್ಲ ಎಂದು ತಲೆಯಾಡಿಸಿದ. ಹೇಳಲಿಲ್ಲ.

ಸಂಜೆಗೆ ಹೊಟ್ಟೆನೋವು ಎದ್ದಿತು. ಹೊಟ್ಟೆ ಹಲಗೆಯಂತೆ ಬಿಗಿಯಿತು. ಡಾಕ್ಟರು ಬಂದರು, ಮುಟ್ಟಿ ನೋಡಿದರು.

“ಏನ ಕೊಟ್ಟೀರಿ?”

ವೈನಿ ಮರೆಮಾಚಲಿಲ್ಲ. “ಸಾರಿನ್ಯಾಗ ಒಂದ ಚಿಟಿಕಿ ಖಾರ ಹಾಕಿದ್ದೆರಿ. ಸಪ್ಪಗದ ಅಂತ ಕುಡೀತಿರಲಿಲ್ಲರಿ.”

ಡಾಕ್ಟರು ನಮ್ಮೆಲ್ಲರ ಮುಖ ನೋಡಿದರು. “ಮತ್ತೇನೂ ಕೊಟ್ಟಿಲ್ಲಲ್ಲ? ಗಟ್ಟಿ ಪದಾರ್ಥ? ಕೊಟ್ಟಿದ್ರ ಈಗ ಹೇಳ್ರಿ, ಈಗಿಂದೀಗ ಸೊಲ್ಲಾಪುರಕ್ಕ ಒಯ್ಯಬೇಕಾಗ್ತದ.”

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಮಧ್ಯಾಹ್ನ ಕೂಸಿನ ಹತ್ತಿರ ಇದ್ದವಳು ನಾನೆಂದು ವೈನಿ ನನ್ನ ಕಡೆ ನೋಡಿದಳು. ಆ ತಿಂಗಳಷ್ಟೇ ಸೊಲ್ಲಾಪುರದ ಕಿರಾಣಿ ಅಂಗಡಿಯವರ ಮನೆಗೆ ನನ್ನ ಮದುವೆಯ ಮಾತು ಪಕ್ಕಾ ಆಗಿತ್ತು. ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಮಲ್ಲುವಿನ ಹೊಟ್ಟೆಯಲ್ಲ — ಬೀಗರ ಮುಖ.

“ಇಲ್ರಿ,” ಅಂದೆ. “ಸಾರಷ್ಟೇ.”

ಹಾಗಾದರೆ ಖಾರದಿಂದ ಕರುಳು ಕೆರಳಿರಬೇಕು, ಬೆಳಗಿನ ತನಕ ನೋಡೋಣ ಎಂದು ಔಷಧ ಕೊಟ್ಟು ಹೋದರು. ಬೆಳಗಿಗೆ ನೋಡಲು ಏನೂ ಉಳಿದಿರಲಿಲ್ಲ. ಒಯ್ದಿದ್ದರೆ ಬದುಕುತ್ತಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ಒಯ್ಯುವ ದಾರಿ ಮುಚ್ಚಿದವಳು ನಾನು ಎಂಬುದು ಗೊತ್ತಿದೆ.

ಅವ್ವ ಮಣ್ಣು ಮಾಡಿ ಬಂದವರ ಎದುರೇ ಅಂದಳು: “ನಿನ್ನ ಕೈಯಾನ ಖಾರ ನನ್ನ ಮೊಮ್ಮಗನ ಕರಳ ಸುಡ್ತು.” ವೈನಿ ಅದನ್ನು ನಂಬಿದಳು. ಅಣ್ಣನೂ ನಂಬಿದ, ಬಹಳ ದಿನ ಅವಳ ಕೈಯಿಂದ ನೀರು ಕೂಡ ಇಸಿದುಕೊಳ್ಳಲಿಲ್ಲ. ಅಂದಿನಿಂದ ವೈನಿ ಖಾರ ಬಿಟ್ಟಳು. ನಮ್ಮ ಸೀಮೆಯಲ್ಲಿ, ಹೊತ್ತುಹೊತ್ತಿಗೆ ಖಾರ ಉಣ್ಣುವ ಮಂದಿಯ ನಡುವೆ, ಅವಳು ರೊಟ್ಟಿಗೆ ಮಜ್ಜಿಗೆ ಹಾಕಿಕೊಂಡು ಉಂಡಳು. ಮುಂದೆ ಒಬ್ಬ ಮಗ, ಒಬ್ಬಳು ಮಗಳು ಹುಟ್ಟಿದರು. ಅವರಿಗಾಗಿ ವರ್ಷ ವರ್ಷ ಖಾರ ಕುಟ್ಟಿದಳು, ನಾಲಿಗೆಗೆ ಮುಟ್ಟಿಸಲಿಲ್ಲ.

ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ಉಪ್ಪು ತಿಂದವಳು ನಾನು, ನೀರು ಕುಡಿದವಳು ವೈನಿ. ನನ್ನ ಮದುವೆಯಲ್ಲಿ ಡಬ್ಬಿ ತುಂಬ ಮಸಾಲೆ ಖಾರ ಕಟ್ಟಿಕೊಟ್ಟವಳೂ ಅವಳೇ. ಸೊಲ್ಲಾಪುರದಲ್ಲಿ ಅದೇ ಖಾರದ ಸಾರು ಬಡಿಸಿದೆ. ಹುಡುಗಿಯ ಕೈಗೆ ರುಚಿ ಇದೆ ಎಂದು ಮಾವ ಹೊಗಳಿದರು. ನಾನು ಸೆರಗು ಸರಿಮಾಡಿಕೊಂಡು ನಕ್ಕೆ... ಆ ನಗುವನ್ನು ನೆನೆದರೆ ಈಗಲೂ ನನ್ನ ಮೈ ನನಗೇ ಹೇಸಿಕೆಯಾಗುತ್ತದೆ.

ಅವ್ವ ಹೋದಳು. ಅಣ್ಣ ಹೋದ, ಹೆಂಡತಿಯೇ ಮಗನನ್ನು ಕೊಂದಳು ಎಂದುಕೊಂಡೇ ಹೋದ. ಪ್ರತಿ ಸಲ ಇನ್ನು ಹೇಳಿ ಏನು ಫಲ ಎಂದುಕೊಂಡೆ. ಹೇಡಿಗೆ ಇದಕ್ಕಿಂತ ಮೆತ್ತನೆಯ ಹಾಸಿಗೆ ಇಲ್ಲ. ಕಡೆಗೆ ವೈನಿಯ ಮೊಮ್ಮಗನ ಮದುವೆಯ ಪಂಕ್ತಿಯಲ್ಲಿ, ಅಜ್ಜಿ ಆಮಟಿ, ಆ ಖಾರದ ಬೇಳೆಸಾರು, ಯಾಕೆ ಉಣ್ಣುವುದಿಲ್ಲ ಎಂದು ಹೊಸ ಸೊಸೆ ಕೇಳಿದಳು. ಅಕ್ಕಲಕೋಟೆಯ ಒಬ್ಬ ಬೀಗತಿ ಮರಾಠಿಯಲ್ಲಿ ಹೇಳಿದಳು: “ತಿಚಾ ಪಹಿಲಾ ಮುಲಗಾ ತಿಖಟಾನಂ ಗೇಲಾ.” ಮೊದಲ ಮಗ ಖಾರದಿಂದ ಹೋದನಂತೆ. ಉಪ್ಪಿನಕಾಯಿ ಬಡಿಸಿದಷ್ಟು ಸಲೀಸಾಗಿ ಹೇಳಿದಳು. ವೈನಿ ಕೇಳಿಸಿಕೊಂಡು ಮಜ್ಜಿಗೆ ಕಲಸಿದಳು. ನನ್ನ ಬಾಯಲ್ಲಿ ಆಮಟಿ ಇತ್ತು, ನುಂಗಿದೆ.

ಮುಂದಿನ ವಾರ ಎಸ್.ಟಿ. ಬಸ್ಸು ಹಿಡಿದು ಅಕ್ಕಲಕೋಟೆಗೆ ಹೋದೆ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು, ವೈನಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಪೂರ್ತಿ ಹೇಳಿದೆ — ರೊಟ್ಟಿ, ಡಾಕ್ಟರ ಪ್ರಶ್ನೆ, ನನ್ನ ‘ಇಲ್ರಿ’, ಬೀಗರ ಮುಖ. ಹೊಟ್ಟೆಕಿಚ್ಚನ್ನೂ ಬಿಡಲಿಲ್ಲ. ಅವಳ ಕೈ ಸೊಪ್ಪಿನ ಮೇಲೆ ನಿಂತಿತು. ಒಂದೇ ಮಾತು ಕೇಳಿದಳು.

“ಹೊಟ್ಟಿತುಂಬ ಉಂಡನೇನ?”

“ಉಂಡ, ವೈನಿ. ಬಟ್ಟಲ ಒರಸಿ ಉಂಡ.”

ಅವಳು ತಲೆಯಾಡಿಸಿದಳು. ಹಸಿದೇ ಹೋದ ಎಂದು ಇಷ್ಟು ವರ್ಷ ತಿಳಿದಿದ್ದಳೇನೋ. ಆಮೇಲೆ ಅಂದಳು: “ಮಾಡು. ಅವಾ ಉಂಡ ಹಂಗ ಮಾಡು.”

ಅವಳ ಒಲೆಯ ಮೇಲೆ ನಾನು ಸಾರು ಮಾಡಿದೆ. ಇದ್ದ ಕಾಯಿಪಲ್ಯ ಕುದಿಸಿದೆ, ಬಟ್ಟೆಯಲ್ಲಿ ಸೋಸಿದೆ, ಹಿಂಡಲಿಲ್ಲ. ಅವಳೇ ಕುಟ್ಟಿದ ಖಾರದಲ್ಲಿ ಒಂದು ಚಿಟಿಕೆ ಹಾಕಿ, ಅರ್ಧ ರೊಟ್ಟಿ ಮುರಿದು ಕಿವುಚಿ ಮುಂದಿಟ್ಟೆ. ಒಂದು ತುತ್ತು ಬಾಯಿಗೆ ಇಟ್ಟುಕೊಂಡಳು. ಕೆಮ್ಮು ಒತ್ತಿ ಬಂತು, ಕಣ್ಣಲ್ಲಿ ನೀರು ಬಂತು, ತುತ್ತನ್ನು ಅಂಗೈಗೆ ಉಗುಳಿದಳು.

“ನಾಲಿಗಿ ತಡಿಯಂಗಿಲ್ಲ ಈಗ,” ಅಂದು ಬಟ್ಟಲನ್ನು ನನ್ನ ಕಡೆ ಸರಿಸಿದಳು. “ನೀ ಉಣ್ಣು.”

ಉಂಡೆ. ಅವಳು ಕಣ್ಣು ತೆಗೆಯದೆ ನೋಡುತ್ತಿದ್ದಳು. ಮುಗಿಯಿತು ಎಂದು ಕೈ ಎತ್ತಿದರೆ ಬಟ್ಟಲನ್ನೇ ನೋಡುತ್ತ ಕೂತಳು. ತಿಳಿಯಿತು. ಬೆರಳಿನಿಂದ ಒರೆಸಿ ಉಂಡೆ. ಬಟ್ಟಲನ್ನು ನನಗೆ ತೊಳೆಯಲಿಕ್ಕೆ ಬಿಡದೆ ತಾನೇ ತೊಳೆದು ಕವುಚಿ ಹಾಕಿದಳು.

“ಸಂಜಿಮುಂದ ಬಸ್ಸದ,” ಅಂದಳು. “ಹೋಗು. ಹೋಗೂಮುಂದ ಆ ಬೀಗತಿ ಮನಿ ಹಾದು ಹೋಗು.”

ಹಾದು ಹೋದೆ. ಅಲ್ಲಿ ಹೇಳಿದೆ, ಮರಾಠಿಯಲ್ಲೇ ಹೇಳಿದೆ. ಈಗ ಎಲ್ಲಿ ಖಾರದ ಮಾತು ಬಂದರೂ ಹೇಳುತ್ತೇನೆ. ಇದನ್ನು ಬರೆದದ್ದೂ ಅದಕ್ಕೇ. ವೈನಿ ಇವತ್ತಿಗೂ ಮಜ್ಜಿಗೆಯಲ್ಲೇ ಉಣ್ಣುತ್ತಾಳೆ.