ನಮಗಿಂತ ಮೊದಲು ಓದುತ್ತಿದ್ದವರು

ನಮ್ಮೂರ ಪೋಸ್ಟ್‌ಮೇಷ್ಟರ ಬಲಗಾಲಿನ ಹೆಬ್ಬೆರಳಿಗೆ ಹಗ್ಗ ಉಜ್ಜಿ ಉಜ್ಜಿ ಕಪ್ಪನೆಯ ಗೆರೆಯೊಂದು ಬಿದ್ದಿತ್ತು. ಮಹಾರಾಜರ ಕಾಲದ ಮಾತು. ಅಂಚೆಮನೆಯೂ ಅವರ ಮನೆಯೂ ಒಂದೇ ಸೂರಿನಡಿ. ಮುಂದಿನ ಕೋಣೆಯಲ್ಲಿ ಕಚೇರಿ, ಹಿಂದಿನ ಕೋಣೆಯಲ್ಲಿ ಹೆಂಡತಿ, ಐದು ಮಕ್ಕಳು. ಒಳಗಿನ ತೊಟ್ಟಿಲಿಗೆ ಕಟ್ಟಿದ ಹಗ್ಗ ಬಾಗಿಲ ಸಂದಿಯಿಂದ ಹೊರಬಂದು ಅವರ ಹೆಬ್ಬೆರಳಿನಲ್ಲಿ ಕೊನೆಯಾಗುತ್ತಿತ್ತು. ಕೈ ಮುದ್ರೆ ಒತ್ತುತ್ತಿತ್ತು, ಕಾಲು ಕೂಸನ್ನು ತೂಗುತ್ತಿತ್ತು, ಕಣ್ಣು ಮಾತ್ರ ಕಥೆಯ ಮೇಲೆ. ಕಥೆಯಲ್ಲಿ ಕುದುರೆ ಓಡಿದರೆ ತೊಟ್ಟಿಲೂ ಓಡುತ್ತಿತ್ತು. ಕೂಸು ಕಿಟಾರನೆ ಕಿರುಚಿದಾಗಲೇ ಅವರಿಗೆ ತಾವು ಸರ್ಕಾರಿ ನೌಕರರೆಂಬುದು ನೆನಪಾಗುತ್ತಿದ್ದದ್ದು.

ಓದುತ್ತಿದ್ದದ್ದು ನಮ್ಮ ಪತ್ರಿಕೆ. ಮಿಡಿಗೇಶಿ ಕಡೆಯ ಆ ಊರಿನಲ್ಲಿ ಮಾಸಪತ್ರಿಕೆ ತರಿಸುತ್ತಿದ್ದವಳು ನಮ್ಮಮ್ಮ ಒಬ್ಬಳೇ. ಅದರಲ್ಲಿ ಬರುತ್ತಿದ್ದ ಧಾರಾವಾಹಿಗೆ ಅವಳು ತಿಂಗಳಿಡೀ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದಳು. ಮಧುಗಿರಿಯಿಂದ ಟಪ್ಪಾಲಿನಲ್ಲಿ ಬಂದ ಪತ್ರಿಕೆಯ ಸುತ್ತುಪಟ್ಟಿಯನ್ನು ಮೇಷ್ಟರು ಹರಿಯದಂತೆ ಜಾರಿಸಿ, ನಾಲ್ಕು ದಿನ ಇಟ್ಟುಕೊಂಡು ಓದಿ, ಮತ್ತೆ ತೊಡಿಸಿ, ತಾವೇ ತಂದುಕೊಡುತ್ತಿದ್ದರು. ಜೊತೆಗೆ ಕೇಳದಿದ್ದರೂ ಧೈರ್ಯ ಹೇಳುತ್ತಿದ್ದರು. ಪಾವಗಡದ ಕಡೆಯವರಾದ್ದರಿಂದ ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು.

"ಭಯಪಡಕಂಡಿ ಅಮ್ಮಾ, ಆ ಹುಡ್ಗಿ ಬಾವೀಗ್ ಬೀಳಲ್ಲ."

ತಿಂಗಳ ಕಾತರವೆಲ್ಲ ಆ ಒಂದು ಮಾತಿಗೆ ನೀರುಪಾಲು. ಅಮ್ಮ ಹಲ್ಲು ಕಡಿಯುತ್ತಿದ್ದಳು.

ಅಮ್ಮನ ಶುಚಿತನ ಊರಿಗೇ ಗೊತ್ತು. ತೊಳೆದ ತಂಬಿಗೆಯನ್ನು ಮತ್ತೆ ತೊಳೆಯುವವಳು. ಅಂಥವಳ ಕೈಗೆ ಪತ್ರಿಕೆ ಸಾರಿನ ಕಲೆಯನ್ನೂ ಕಾಡಿಗೆಯ ಬೆರಳಚ್ಚನ್ನೂ ಹೊತ್ತು ಬರುತ್ತಿತ್ತು. ಮೂಗಿಗೆ ಹಿಡಿದರೆ ಸಾಕು, ಮೇಷ್ಟರ ಮನೆಯ ಸಮಾಚಾರವೆಲ್ಲ ಅವಳಿಗೆ ತಿಳಿಯುತ್ತಿತ್ತು. "ಬಜೆ ವಾಸ್ನೆ ಬತ್ತದೆ ಕಣೆ. ಕೂಸಿಗೆ ಹೊಟ್ಟೆನೋವು ಅಂತ ಕಾಣ್ತದೆ. ವಸಿ ಓಮ ಕೊಟ್ಬುಟ್ಟು ಬಾ" ಎಂದು ನನ್ನನ್ನು ಓಡಿಸಿ, ಅದೇ ಉಸಿರಿನಲ್ಲಿ ಮೇಷ್ಟರಿಗೆ ಶಾಪ ಹಾಕುತ್ತಿದ್ದಳು.

ಇಷ್ಟು ಕೆಲಸದ ನಡುವೆ ಯಾಕೆ ಓದುತ್ತೀರಿ, ಪುರುಸೊತ್ತಾದಾಗ ಓದಬಾರದೆ ಎಂದು ಒಮ್ಮೆ ನಾನೇ ಅವರನ್ನು ಕೇಳಿದ್ದೆ. "ಪುರುಸೊತ್ತಾ? ಮಕ್ಳು ಅಳೋದು ನಿಲ್ಸೋ ಹೊತ್ಗೆ ಮೊಮ್ಮಕ್ಳು ಶುರು ಮಾಡ್ತವಮ್ಮಾ" ಎಂದರು, ಪುಟದಿಂದ ಕಣ್ಣೆತ್ತದೆ. ಈಗ ಶಾಲೆಯಲ್ಲಿ ಪಾಠ ಹೇಳಿ ಬಂದು, ಮಕ್ಕಳ ಗಲಾಟೆಯ ನಡುವೆ ಒಲೆಯ ಮುಂದೆ ಪುಸ್ತಕ ಹಿಡಿದಾಗ ಆ ಮಾತು ನೆನಪಾಗಿ ನಗು ಬರುತ್ತದೆ. ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ.

ಅಮ್ಮನ ಗೊಣಗಾಟ ತಡೆಯಲಾರದೆ, ಕಡಲೆಕಾಯಿ ವ್ಯಾಪಾರಿಯಾಗಿದ್ದ ನಮ್ಮಪ್ಪ ಒಂದು ದಿನ ಮೇಲಿನವರಿಗೆ ದೂರು ಬರೆದೇಬಿಟ್ಟರು. ಅದನ್ನೂ ಮೇಷ್ಟರು ಓದಿಬಿಟ್ಟಾರೆಂದು ಕೊರಟಗೆರೆಗೆ ಹೋದಾಗ ಅಲ್ಲಿ ಡಬ್ಬಿಗೆ ಹಾಕಿ ಬಂದರು.

ಅಂಚೆಯ ಇನ್ಸ್‌ಪೆಕ್ಟರು ಬಂದರು. ನಮ್ಮ ಜಗಲಿಯ ಮೇಲೆ ಕೂತು, ಹೋದ ತಿಂಗಳ ಸಂಚಿಕೆ ತರಿಸಿದರು. ದೂರು ನಿಜವಾದರೆ ಕೆಲಸ ಹೋಗುತ್ತದೆ ಎಂದು ಮೇಷ್ಟರಿಗೆ ಎಲ್ಲರೆದುರೇ ಹೇಳಿದರು. ಮೇಷ್ಟರು ಕಂಬಕ್ಕೆ ಒರಗಿ ನಿಂತಿದ್ದರು. ಕಂಕುಳಲ್ಲಿ ಕೂಸು, ಮುಖದಲ್ಲಿ ರಕ್ತವಿಲ್ಲ. ಅಮ್ಮ ಆ ಕೂಸನ್ನು ಒಮ್ಮೆ ನೋಡಿದಳು.

ಪುಟ ತೆರೆದರೆ ಧಾರಾವಾಹಿಯ ಮೇಲೆ ಹುಳಿಯಲ್ಲಿ ಮೂಡಿದ ಪುಟ್ಟ ಅಂಗೈ.

"ಇದು ಯಾರ ಕೈ?" ಎಂದರು ಇನ್ಸ್‌ಪೆಕ್ಟರು.

"ನನ್ನ ಮಗಳ್ದು" ಎಂದಳು ಅಮ್ಮ.

ಹನ್ನೆರಡು ವರ್ಷದ ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

"ಇಷ್ಟು ಚಿಕ್ಕದೆ?"

"ಆಗ ಚಿಕ್ಕೋಳಿದ್ಲು ಸ್ವಾಮಿ."

"ಸಂಚಿಕೆ ಹೋದ ತಿಂಗಳದಲ್ಲವೇನಮ್ಮ?"

ಅಮ್ಮ ಸೆರಗು ಬಿಗಿದಳು. "ನೋಡಿ ಸ್ವಾಮಿ, ನಮ್ಮನೇಗೆ ಊರ ಕೂಸೆಲ್ಲ ಬತ್ತವೆ. ನಾನು ಶುದ್ಧ ಕೊಳಕಿ. ಉಣ್ತಾ ಓದ್ತೀನಿ, ಓದ್ತಾ ಉಣ್ಣುಸ್ತೀನಿ. ಟಪ್ಪಾಲು ಬಂದ್ ದಿನವೇ ಮೇಷ್ಟ್ರು ತಂದ್ಕೊಡ್ತಾರೆ. ನಮ್ಮೆಜಮಾನ್ರಿಗೆ ತಾರೀಕಿನ ಗ್ಯಾನ ಇರಾಕಿಲ್ಲ."

ಬೀದಿಯಲ್ಲಿ ಸೇರಿದ್ದ ಹೆಂಗಸರೆಲ್ಲ ಕೇಳಿಸಿಕೊಂಡರು. ಅಪ್ಪ ಬಾಯಿ ತೆರೆದವರು ಅಮ್ಮನ ಮುಖ ನೋಡಿ ಮುಚ್ಚಿದರು. ಇನ್ಸ್‌ಪೆಕ್ಟರು ನಗು ತಡೆದುಕೊಂಡು, ದೂರಿನಲ್ಲಿ ಹುರುಳಿಲ್ಲವೆಂದು ಬರೆದುಕೊಂಡು ಹೋದರು.

ಮುಂದಿನ ತಿಂಗಳು ಪತ್ರಿಕೆ ಟಪ್ಪಾಲು ಬಂದ ದಿನವೇ ಮನೆಗೆ ಬಂತು. ಪಟ್ಟಿ ಅಲ್ಲಾಡಿರಲಿಲ್ಲ. ಮೇಷ್ಟರು ಅದನ್ನು ಕೊಟ್ಟು, ತಲೆ ತಗ್ಗಿಸಿ ಹೋದರು. ಅಮ್ಮ ಅದನ್ನು ಬಿಚ್ಚದೆ ನನ್ನ ಕೈಗಿಟ್ಟಳು. "ಅವ್ರಿಗೆ ಕೊಟ್ಬುಟ್ಟು ಬಾ. ಓದ್ಕಂಡೇ ಕಳಿಸ್ಲಿ. ಕತೆ ಮಾತ್ರ ಬಾಯ್ಬುಡಬಾರ್ದು ಅಂತ ಹೇಳು."

ಆ ಒಪ್ಪಂದ ವರ್ಷಗಟ್ಟಲೆ ನಡೆಯಿತು. ಬಾಯಿ ಬಿಡದಿರುವುದು ಮಾತ್ರ ಅವರಿಂದ ಆಗಲಿಲ್ಲ.

ನನಗೆ ಮದುವೆ ಗೊತ್ತಾದ ವರ್ಷ ಅವರು ಜ್ವರ ಬಂದು ತೀರಿಕೊಂಡರು. ಆಗ ನಡೆಯುತ್ತಿದ್ದ ಧಾರಾವಾಹಿಯ ಕೊನೆಯ ಕಂತು ಬಾಕಿಯಿತ್ತು. ಅದು ಬಂದಾಗ ಅಮ್ಮನಿಗೆ ಪಟ್ಟಿ ಬಿಚ್ಚಲು ಕೈ ಬರಲಿಲ್ಲ. "ಇದು ಹೆಂಗೆ ಮುಗೀತು ಅಂತ ಅವ್ರಿಗೆ ಗೊತ್ತಾಗ್ಲೇ ಇಲ್ವಲ್ಲೇ" ಎಂದು ಗೊಳೋ ಎಂದು ಅತ್ತಳು. ಆಮೇಲೆ ಮುಖ ತೊಳೆದು, ಪತ್ರಿಕೆ ಹಿಡಿದು, ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದಳು.

ಮೇಷ್ಟರ ಹೆಂಡತಿಗೆ ಓದು ಬಾರದು. ಆದರೆ ಹಿಂದಿನ ಕಂತುಗಳೆಲ್ಲ ಗೊತ್ತಿದ್ದವು. ಮೇಷ್ಟರು ತಿಂಗಳು ತಿಂಗಳೂ ಹೇಳುತ್ತಿದ್ದರಂತೆ. ಅಮ್ಮ ಚಾಪೆಯ ಮೇಲೆ ಕೂತು ಕೊನೆಯ ಕಂತನ್ನು ಗಟ್ಟಿಯಾಗಿ ಓದಿದಳು. ಮುಗಿದ ಮೇಲೆ ಆಕೆ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಓದ್ರಮ್ಮ, ಅವ್ರೂ ಕೇಳ್ಕಳ್ಳಿ" ಎಂದರು.

ಅಮ್ಮ ಮೊದಲಿನಿಂದ ಓದಿದಳು.