ಕಾಕುವಿನ ಖಾಲಿ ಗೋಡೆಗಳು

ಬಾಜು ಮನೆಯ ಕಾಕುವಿನ ಬಲಗೈ ಕಿರುಬೆರಳಿಗೆ ಉದ್ದನೆಯ ಉಗುರಿತ್ತು. ಅದರ ಸಂದಿಯಲ್ಲಿ ಬಾರಾ ತಿಂಗಳೂ ಕೆಮ್ಮಣ್ಣು. ಆ ಕೈಯಲ್ಲಿ ಬಡಿದ ರೊಟ್ಟಿ ಎಂದರೆ ನಮ್ಮವ್ವ ಮೂಗು ಮುರಿಯುತ್ತಿದ್ದಳು. ನಾನು ಮಾತ್ರ ಕದ್ದು ಹೋಗಿ ತಿಂದು ಬರುತ್ತಿದ್ದೆ. ಉಗುರು ಬಿಟ್ಟದ್ದು ಶೋಕಿಗಲ್ಲ. ಖಾನಾಪುರದಲ್ಲಿ ಹೊಳೆಯ ಕಡೆಗೆ ಇಳಿಯುವ ನಮ್ಮ ಓಣಿಯ ಮಣ್ಣಿನ ಗೋಡೆಗಳ ಬಿರುಕಿಗೆಲ್ಲ ಅದೇ ಅಳತೆಗೋಲು. "ಉಗುರು ಹೋದ್ರ ಕಣ್ಣಿಡ್ರಿ, ಬೆರಳು ಹೋದ್ರ ಗಂಟುಮೂಟಿ ಕಟ್ರಿ" ಎನ್ನುತ್ತಿದ್ದಳು.

ರಕ್ತಸಂಬಂಧವೇನೂ ಇರಲಿಲ್ಲ. ಆದರೂ ನಮಗೆ ಅವಳು ಕಾಕು, ಅಪ್ಪನಿಗೆ ವೈನಿ ಎಂದರೆ ಅತ್ತಿಗೆ; ಅವಳಿಗೆ ಅಪ್ಪ ಮೈದುನ, ಭಾವೋಜಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಅವಳ ಮನೆಯ ಗೋಡೆಗಳ ಮೇಲೆ ಏನೆಂದರೆ ಏನೂ ಇರಲಿಲ್ಲ. ದೇವರ ಪಟವಿಲ್ಲ, ಕನ್ನಡಿಯಿಲ್ಲ, ಒಂದು ಮೊಳೆ ಕೂಡ ಇಲ್ಲ. ಗಂಡನ ಫೋಟೊ ಸ್ಟೂಲಿನ ಮೇಲೆ ನಿಂತಿತ್ತು. ಯಾಕೆಂದು ಕೇಳಿದರೆ, "ಗ್ವಾಡಿ ಮಾರಿ ನನಗ ಕಾಣಬೇಕವಾ" ಎಂದು ಮಾತು ತೇಲಿಸುತ್ತಿದ್ದಳು.

ಮುಂಗಾರಿನ ಮೊದಲ ಮಿರಗದ ಮಳೆ ಹತ್ತಿರ ಬಂತೆಂದರೆ ಸೆರಗು ಬಿಗಿದು ಓಣಿ ಸುತ್ತಲು ಹೊರಡುವಳು. ಬೆರಳ ಗೆಣ್ಣಿನಿಂದ ಗೋಡೆ ಬಡಿದು ಕಿವಿ ಇಡುವುದು, ಗೋಡೆಗೆ ಒಟ್ಟಿದ ಕಟ್ಟಿಗೆ ಎಳೆಸುವುದು, ಹಿತ್ತಲ ಗಟಾರ ಬಳಿಸುವುದು, ತೊಟ್ಟಿಲನ್ನು ಮಳೆ ಬಡಿಯುವ ಪಡುವಣ ಗೋಡೆಯಿಂದ ದೂರ ಸರಿಸುವುದು. ಬಿರುಕು ಕಂಡಲ್ಲಿ ಅಡ್ಡಕ್ಕೆ ಒಂದು ಕಾಗದದ ಪಟ್ಟಿಯನ್ನು ಗಂಜಿ ಹಚ್ಚಿ ಅಂಟಿಸುತ್ತಿದ್ದಳು. ಕಾಗದ ಹರಿದರೆ ಗೋಡೆ ಸರಿಯುತ್ತಿದೆ ಎಂದರ್ಥ. ಕೆಲವರು ಕೇಳುತ್ತಿದ್ದರು, ಹಲವರು "ಬಂತು ನೋಡ್ರಿ ಅಪಶಕುನ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಆ ವರ್ಷ ನಮ್ಮ ಪಡಸಾಲೆಯ ಪಡುವಣ ಗೋಡೆಗೇ ಕಾಗದ ಬಿತ್ತು. ಹಿಂದಿನ ಗಟಾರ ಕಟ್ಟಿ ನೀರು ಗೋಡೆಯ ಬುಡದಲ್ಲೇ ನಿಲ್ಲುತ್ತಿತ್ತು. "ಪಡಸಾಲಿ ಖಾಲಿ ಮಾಡ್ರಿ ಭಾವೋಜಿ" ಎಂದಳು ಕಾಕು. ಅಪ್ಪ "ನೋಡೂಣು" ಅಂದ. ಅವನ ತಲೆಯಲ್ಲಿದ್ದದ್ದು ಬೇರೆ. ನನ್ನನ್ನು ನೋಡಲು ಬೆಳಗಾವಿಯಿಂದ ಗಂಡಿನವರು ಬರುವವರಿದ್ದರು. ಬಿರುಕು ಕಾಣಬಾರದೆಂದು ಅದರ ಮೇಲೆ ದೊಡ್ಡ ಕ್ಯಾಲೆಂಡರ್ ತೂಗುಹಾಕಿದ.

ಅವರು ಬಂದ ದಿನ ಬೆಳಗಿನಿಂದ ಜಡಿಮಳೆ. ಹುಡುಗನೂ ಅವನ ತಂದೆಯೂ ಆ ಗೋಡೆಗೇ ಬೆನ್ನು ಕೊಟ್ಟು ಜಮಖಾನೆಯ ಮೇಲೆ ಕುಳಿತರು. ಅವಲಕ್ಕಿಯ ತಾಟು ಹಿಡಿದು ಬಂದ ನಾನು ಹುಡುಗನನ್ನು ಬಿಟ್ಟು ಕ್ಯಾಲೆಂಡರನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಕಾಕು, ಯಾರೂ ಕರೆಯದೆ, ಒದ್ದೆ ಸೀರೆಯಲ್ಲೇ ಒಳಗೆ ಬಂದಳು. ನಮಸ್ಕಾರವಿಲ್ಲ, ಚಮತ್ಕಾರವಿಲ್ಲ, ನೆಟ್ಟಗೆ ಹೋಗಿ ಕ್ಯಾಲೆಂಡರ್ ಎತ್ತಿದಳು. ಅವಳು ಅಂಟಿಸಿದ ಕಾಗದ ಎರಡು ತುಂಡಾಗಿತ್ತು.

"ಏಳ್ರಿ" ಎಂದಳು ಹುಡುಗನ ತಂದೆಗೆ. "ಮಾತುಕತಿ ನಮ್ಮ ಮನ್ಯಾಗ ಮಾಡೂಣು ಬರ್ರಿ. ಇಲ್ಲಿ ಕುಂದರಬ್ಯಾಡ್ರಿ."

ಅಪ್ಪನ ಮುಖ ಕಪ್ಪಿಟ್ಟಿತು. "ವೈನಿ, ಮರ್ಯಾದಿ ಐತೇನು ನಿಮಗ?"

"ಹೋದ ಮರ್ಯಾದಿ ತಿರುಗಿ ಬರತೈತಿ, ಭಾವೋಜಿ. ಹೋದ ಮಂದಿ ಬರೂದಿಲ್ಲ."

ಹುಡುಗನ ತಂದೆ ಎದ್ದು ನಿಂತು ಟೋಪಿ ಸರಿಮಾಡಿಕೊಂಡರು. "ಗ್ವಾಡಿ ಬಿರುಕು ಮುಚ್ಚಿಟ್ಟವರು ಇನ್ನೇನೇನು ಮುಚ್ಚಿಟ್ಟೀರೋ ಯಾರಿಗೆ ಗೊತ್ತು" ಎಂದು ಚಹಾ ಕೂಡ ಕುಡಿಯದೆ ಹೊರಟರು. ಅವ್ವ ಅಡುಗೆಮನೆಯಲ್ಲಿ ಕುಸಿದು ಅತ್ತಳು. ಖರೇ ಹೇಳುತ್ತೇನೆ, ಆ ಹೊತ್ತು ಆ ಉಗುರು ಕಿತ್ತುಬಿಡುವಷ್ಟು ಸಿಟ್ಟು ನನಗೂ ಬಂದಿತ್ತು.

ಅಪ್ಪ ಹಟಕ್ಕೆ ಬಿದ್ದ. ಅದೇ ಗೋಡೆಯ ಕೆಳಗೆ ಚಾಪೆ ಹಾಸಿ ಕುಳಿತು, "ಬೀಳಲಿ, ನೋಡೇಬಿಡೂಣು. ನನ್ನ ಮನಿ ಗ್ವಾಡಿ ನನಗ ಗೊತ್ತಿಲ್ಲೇನು?" ಎಂದ. ಅವ್ವ ಕಾಲು ಹಿಡಿದರೂ ಏಳಲಿಲ್ಲ. ಹೊರಗೆ ಮಳೆ ಇನ್ನಷ್ಟು ಜೋರಾಯಿತು. ಬಿರುಕಿನಿಂದ ಮಣ್ಣು ಸಣ್ಣಗೆ ಉದುರತೊಡಗಿತ್ತು.

ಕಾಕು ವಾದ ಮಾಡಲಿಲ್ಲ. ಮನೆಗೆ ಹೋಗಿ ಮೊರದ ತುಂಬ ಅಕ್ಕಿ ತಂದು, ಅಪ್ಪನ ಪಕ್ಕದಲ್ಲಿ ಅದೇ ಗೋಡೆಗೆ ಬೆನ್ನು ಆನಿಸಿ ಕುಳಿತು, ಕಲ್ಲು ಆರಿಸತೊಡಗಿದಳು.

"ಎದ್ದು ಹೋಗ್ರಿ ವೈನಿ."

"ನೀವು ಎದ್ರ ನಾನೂ ಏಳ್ತೀನಿ."

ಇಬ್ಬರೂ ಏಳಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ. ಮೇಲಿನಿಂದ ಮೊರಕ್ಕೆ ಮಣ್ಣು ಬಿತ್ತು. ಕಾಕು ಅದನ್ನೂ ಆರಿಸಿ ಬದಿಗೆ ಹಾಕಿದಳು. ಆಮೇಲೆ ತಲೆ ಎತ್ತದೆಯೇ ಅಂದಳು: "ನಮ್ಮ ಮನ್ಯಾಗೂ ದೊಡ್ಡದೊಂದು ಪಟ ಇತ್ತು, ಭಾವೋಜಿ. ನಾನಽ ದಿನಾ ಒರಸಿ ಹೂವು ಏರಸ್ತಿದ್ನಿ. ಅದರ ಹಿಂದ ಬಿರುಕು ಬಿಟ್ಟಿದ್ದು ನೋಡಲಿಲ್ಲ. ಮಗಳು ಅದರ ಕೆಳಗ ಮಲಗಿದ್ಲು."

ಅವಳಿಗೊಬ್ಬ ಮಗಳಿದ್ದದ್ದು ನನಗೆ ಗೊತ್ತಾದದ್ದು ಆಗ. ಅಪ್ಪ ಕಾಕುವಿನ ಕೈಯನ್ನೇ ನೋಡಿದ. ಆಮೇಲೆ ಧಡಕ್ಕನೆ ಎದ್ದು, "ಏಳ್ರಿ ವೈನಿ, ಏಳ್ರಿ, ಏಳ್ರಿ" ಎಂದ. ಅವನು ಹೊಸ್ತಿಲು ದಾಟಿದ ಮೇಲೆಯೇ ಕಾಕು ಮೊರ ಎತ್ತಿಕೊಂಡು ಎದ್ದಳು.

ದೀಪ ಹಚ್ಚುವ ಹೊತ್ತಿಗೆ ಗೋಡೆ ಬಿತ್ತು. ನಾವೆಲ್ಲ ಕಾಕುವಿನ ಕಟ್ಟೆಯ ಮೇಲಿದ್ದೆವು. ಧಡಲ್ ಎಂದ ಸದ್ದಿನ ಹಿಂದೆಯೇ ಹಂಚು, ಜಂತಿಗಳೆಲ್ಲ ಅಪ್ಪನ ಚಾಪೆಯ ಮೇಲೆ ಬಂದು ಬಿದ್ದವು. ಕಾಕು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದಳು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಎಣಿಸಿದಳು.

ಆ ಸಂಬಂಧ ತಿರುಗಿ ಬರಲಿಲ್ಲ. ಆ ಹುಡುಗನ ಮುಖವೂ ನನಗೀಗ ನೆನಪಿಲ್ಲ, ಬಿಡಿ. ಅಪ್ಪ ಕಲ್ಲಿನ ಬುನಾದಿ ಹಾಕಿ ಹೊಸ ಗೋಡೆ ಎಬ್ಬಿಸಿದ. ಮುಂದಿನ ಮಿರಗಕ್ಕೆ ಕಾಕು ಓಣಿ ಸುತ್ತುವಾಗ ಅವಳ ಹಿಂದೆ ಸಲಿಕೆ ಹಿಡಿದು ಗಟಾರ ಬಳಿಯಲು ಹೊರಟವನು ನಮ್ಮಪ್ಪ. ಅವನು ಜೊತೆಗಿದ್ದರೆ ಯಾರೂ ಬಾಗಿಲು ಹಾಕುತ್ತಿರಲಿಲ್ಲ.

ನಾನು ಮದುವೆಯಾಗಿ ಬೆಳಗಾವಿ ಸೇರಿದ ಕೆಲ ವರ್ಷಗಳಿಗೆ ಕಾಕು ಅಲ್ಲಿನ ಆಸ್ಪತ್ರೆಯಲ್ಲೇ ತೀರಿಕೊಂಡಳು. ನೋಡಲು ಹೋದಾಗಲೆಲ್ಲ ನನ್ನ ಕೈಯಿಂದ ಮಂಚವನ್ನು ಗೋಡೆಯಿಂದ ಈಚೆಗೆ ಎಳೆಸುತ್ತಿದ್ದಳು. ನರ್ಸಮ್ಮ ಬೈದು ಮತ್ತೆ ಒತ್ತುತ್ತಿದ್ದಳು.

ದಿನಕರ್ಮಕ್ಕೆ ಖಾನಾಪುರಕ್ಕೆ ಹೋದೆ. ಅವಳ ತಮ್ಮನ ಮಗ ಕಾಕುವಿನ ಫೋಟೊಗೆ ಕಟ್ಟು ಹಾಕಿಸಿ ಮಾಲೆ ಹಾಕಿ ತಂದಿದ್ದ. ಗೋಡೆಗೆ ಮೊಳೆ ಇಟ್ಟು ಸುತ್ತಿಗೆ ಎತ್ತಿದ. ಮೂಲೆಯಲ್ಲಿ ಕುಳಿತಿದ್ದ ಅಪ್ಪ ಮೊಣಕಾಲು ಹಿಡಿದುಕೊಂಡು ಎದ್ದು, ಅವನ ಕೈಯಿಂದ ಮೊಳೆ ತೆಗೆದುಕೊಂಡ.

"ಗ್ವಾಡಿಗಿ ಬ್ಯಾಡಪಾ. ಸ್ಟೂಲಿನ ಮ್ಯಾಲ ಇಡು."

ಗಂಡನ ಫೋಟೊದ ಪಕ್ಕದಲ್ಲಿ ಇಟ್ಟರು. ಅಪ್ಪ ಬರಿಗೋಡೆಯ ಹತ್ತಿರ ಹೋಗಿ, ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು, ಕಿವಿ ಇಟ್ಟು ನಿಂತ.